ಊರ ಪತ್ರಿಕೆ ಮುಚ್ಚಿದರೆ ಸುದ್ದಿ ಬರೆಯೋರು ಯಾರು?

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಪಕ್ಕದಲ್ಲೇ ಮಾಂಟ್ಗೊಮೆರಿ ಕೌಂಟಿ ಇದೆ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಜನಸಂಖ್ಯೆ 10 ಲಕ್ಷಕ್ಕೂ ಹೆಚ್ಚು. ಅಲ್ಲಿ ಉಚಿತವಾಗಿ ಹಂಚುತ್ತಿದ್ದ ‘ದಿ ಗೆಜೆಟ್’ ವಾರಪತ್ರಿಕೆ 2015ರ ಜೂನ್‌ನಲ್ಲಿ ಮುಚ್ಚಿಹೋಯಿತು. ಓದುಗರಿಂದ ಕಾಸಿಲ್ಲ, ಜಾಹೀರಾತೇ ಆಧಾರ, ಅದೂ ಕುಸಿಯಿತು. ಆಗ ಮಾಲೀಕರು ಯಾರು ಗೊತ್ತಾ? ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್! 2013ರಲ್ಲಿ ವಾಷಿಂಗ್ಟನ್ ಪೋಸ್ಟ್ ಜೊತೆಗೇ ಇದನ್ನೂ ಕೊಂಡಿದ್ದರು. ಅಷ್ಟು ದುಡ್ಡಿದ್ದವರ ಕೈಲೂ ಊರ ಪತ್ರಿಕೆ ಉಳಿಯಲಿಲ್ಲ.

ಕೌನ್ಸಿಲ್, ರಸ್ತೆ, ಕಟ್ಟಡ ಪರವಾನಗಿ ಬಗ್ಗೆ ಬರೆಯೋ ಸ್ಥಳೀಯ ಬ್ಲಾಗರ್‌ಗಳು ಅಲ್ಲಿದ್ದಾರೆ, ಚೆನ್ನಾಗೇ ಬರೀತಾರೆ. ಆದ್ರೆ ಬ್ಲಾಗಿನಿಂದಲೇ ಹೊಟ್ಟೆ ತುಂಬೋದು ಕಷ್ಟ. ಬೇರೆ ಕೆಲಸ ಇಟ್ಟುಕೊಂಡು ಬರೆಯುವವರು ಹಗಲು ಹೊತ್ತಿನ ಪ್ರತಿ ಸಭೆಗೂ ಹೋಗಿ ಕೂರೋಕಾಗುತ್ತಾ? ಇನ್ನು ಅಂಗಡಿಯವರಿಗೆ, ಮನೆಬಾಗಿಲಿಗೆ ಜಾಹೀರಾತು ಮುಟ್ಟಿಸುತ್ತಿದ್ದ ಪುಟವೇ ಹೋಯ್ತು.