ತಿಪ್ಪೆಯೊಳಗಿನ ಬಿಸುಪು

ಚಿಕ್ಕಜಾಜೂರು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಒಂದು ಊರು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುದಾರಿಯಿಂದ ಚಿತ್ರದುರ್ಗದ ದಾರಿ ಕವಲೊಡೆಯುವುದು ಇಲ್ಲಿಯೇ. ಮಾಗಿಯ ಒಂದು ಮುಂಜಾನೆ ರೈಲಿನಿಂದಿಳಿದು ಹೊಲಗಳ ನಡುವಣ ದಾರಿಯಲ್ಲಿ ನಡೆಯುತ್ತಿದ್ದಾಗ ಎರಡು ಕಡೆ ಹೊಗೆಯೇಳುತ್ತಿದ್ದುದನ್ನು ಕಂಡೆನು. ರಸ್ತೆಯ ಬದಿಯಲ್ಲಿ ಸುರಿದಿದ್ದ ಅಡಿಕೆ ಸಿಪ್ಪೆಯ ರಾಶಿಗೆ ಯಾರೋ ಬೆಂಕಿಯಿಟ್ಟಿದ್ದರು. ಅದರ ಕಮಟು ಹೊಗೆ ನೆಲಕ್ಕೆ ಕವಿದು ದಾರಿಹೋಕರ ಕಣ್ಣನ್ನು ಉರಿಸುತ್ತಿತ್ತು. ಅನತಿ ದೂರದಲ್ಲಿ ಒಂದು ಹಟ್ಟಿಯ ಹಿಂಬದಿಯ ತಿಪ್ಪೆಯನ್ನು ಒಬ್ಬಾತನು ಗುದ್ದಲಿಯಿಂದ ಅಗೆಯುತ್ತಿದ್ದನು. ಅಗೆದ ಜಾಗದಿಂದಲೂ ಬೆಳ್ಳನೆಯದೊಂದು ಮೇಲೇಳುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಅದು ಹೊಗೆಯಲ್ಲ, ಹಬೆ. ಕೈಯಿಟ್ಟು ನೋಡಿದೆನು, ಹೆಚ್ಚು ಹೊತ್ತು ಇಡಲಾಗಲಿಲ್ಲ.

ಬೆಂಕಿಯಿಲ್ಲದ ಕಡೆ ಈ ಬಿಸಿ ಎಲ್ಲಿಂದ ಬಂದಿತು? ನಮ್ಮ ಹಿರಿಯರು ಇದನ್ನು ಕಂಡಿದ್ದರು. ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಒಟ್ಟಬಾರದೆಂದೂ ಒಟ್ಟಿದರೆ ಒಳಗೇ ಕಾವೇರಿ ಒಮ್ಮೊಮ್ಮೆ ತಾನಾಗಿ ಹೊತ್ತಿಕೊಳ್ಳುವುದೆಂದೂ ಅವರು ಬಲ್ಲರು. ಇದರ ಕಾರಣವನ್ನು ವಿಚಾರಿಸಿದವರಲ್ಲಿ ಜರ್ಮನಿಯ ಹ್ಯೂಗೋ ಮೀಹೆ ಪ್ರಮುಖನು. ಹುಲ್ಲಿನ ರಾಶಿ ತಾನಾಗಿ ಬಿಸಿಯೇರುವುದು ಅದರೊಳಗಿನ ಸೂಕ್ಷ್ಮಜೀವಿಗಳ ಉಸಿರಾಟದಿಂದ ಎಂಬುದನ್ನು ಅವನು 1907ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ನಾವು ಉಂಡ ಅನ್ನ ನಮ್ಮ ಮೈಯನ್ನು ಹೇಗೆ ಬೆಚ್ಚಗಿಡುವುದೋ ಹಾಗೆಯೇ ಕಸಕಡ್ಡಿಯನ್ನುಂಡ ಕೋಟ್ಯಂತರ ಜೀವಿಗಳು ಹೊರಚೆಲ್ಲುವ ಶಾಖವೇ ತಿಪ್ಪೆಯ ಬಿಸುಪು. ರಾಶಿ ದೊಡ್ಡದಾಗಿದ್ದರೆ ಆ ಶಾಖ ಹೊರಹೋಗಲಾರದೆ ಒಳಗೇ ಕೂಡಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ನಲವತ್ತು ಡಿಗ್ರಿ ದಾಟುತ್ತಲೇ ಮೊದಲು ಕೆಲಸಕ್ಕೆ ತೊಡಗಿದ್ದ ಸಾಧಾರಣ ಜೀವಿಗಳು ಸೋತು ಹಿಂದೆ ಸರಿಯುತ್ತವೆ. ಆಗ ರಂಗಕ್ಕೆ ಬರುವವೇ ಶಾಖಪ್ರಿಯ ಜೀವಿಗಳು. ಅರವತ್ತು ಡಿಗ್ರಿಯ ಬೇಗೆಯಲ್ಲಿ ಇವು ಹುಲುಸಾಗಿ ಬೆಳೆದು, ಇತರ ಜೀವಿಗಳಿಗೆ ಜಗ್ಗದ ನಾರನ್ನು ಜೀರ್ಣಿಸಿಕೊಳ್ಳುತ್ತವೆ. ತಿಪ್ಪೆಯನ್ನು ಅಗೆದಾಗ ಬೂದಿ ಎರಚಿದಂತೆ ಕಾಣುವ ಬಿಳುಪೂ ಇಂಥ ಜೀವಿಗಳದೇ ಸಂಸಾರ.

ಶಾಖಪ್ರಿಯ ಜೀವಿಗಳೆಂದೊಡನೆ ವಿದ್ಯಾವಂತರಿಗೆ ನೆನಪಾಗುವುದು ಬಿಸಿನೀರಿನ ಬುಗ್ಗೆಗಳು. ಅಮೆರಿಕದ ಯೆಲ್ಲೋಸ್ಟೋನ್ ವನದ ಬುಗ್ಗೆಯೊಂದರಿಂದ ಥಾಮಸ್ ಬ್ರಾಕ್ 1966ರಲ್ಲಿ ಸಂಗ್ರಹಿಸಿದ ಬ್ಯಾಕ್ಟೀರಿಯ ಎಪ್ಪತ್ತು ಡಿಗ್ರಿಯಲ್ಲಿ ಸುಖವಾಗಿ ಬೆಳೆಯುತ್ತಿತ್ತು. ಅದರ ಒಂದು ಕಿಣ್ವವೇ ಮುಂದೆ ಡಿಎನ್‌ಎಯನ್ನು ಪ್ರತಿಮಾಡುವ ವಿಧಾನಕ್ಕೆ ಆಧಾರವಾಗಿ, ಕೋವಿಡ್ ಕಾಲದ ಗಂಟಲದ್ರವ ಪರೀಕ್ಷೆಯವರೆಗೂ ಸೇವೆ ಸಲ್ಲಿಸಿತು. ರಷ್ಯದ ಕಾಂಚಟ್ಕದ ಬುಗ್ಗೆಯಲ್ಲಿ ದೊರೆತ ಕ್ಯಾಲ್ಡಿಸೆಲ್ಯುಲೊಸಿರಪ್ಟರ್ ಎಂಬುದು ಎಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಹುಲ್ಲುಕಡ್ಡಿಯನ್ನು ಅರಗಿಸಿಕೊಳ್ಳಬಲ್ಲುದು. (ಹೆಸರು ಜೀವಿಗಿಂತ ಬಹು ದೊಡ್ಡದಾಯಿತು; ವಿಜ್ಞಾನಿಗಳ ನಾಮಕರಣವೇ ಹಾಗೆ!) ನಮ್ಮ ನಾಡಿನಲ್ಲಿ ಬಿಸಿಬುಗ್ಗೆಗಳು ತೀರ ವಿರಳ. ಪುತ್ತೂರಿನ ಸಮೀಪದ ಇರ್ದೆಯ ಬೆಂದ್ರುತೀರ್ಥ ಅಂಥದೆಂದು ಹೆಸರಾದುದು. ಅದೂ ಬೆಚ್ಚನೆಯ ನೀರೇ ಹೊರತು ಕುದಿಯುವುದಲ್ಲ.

ಬುಗ್ಗೆಯಿಲ್ಲವೆಂದು ನಾವು ಕೊರಗಬೇಕಾಗಿಲ್ಲ. 1926ರಲ್ಲಿಯೇ ವರ್ಣಿತವಾದ ಕ್ಲಾಸ್ಟ್ರಿಡಿಯಮ್ ಥರ್ಮೊಸೆಲ್ಲಮ್ ಎಂಬ ನಾರುಭಕ್ಷಕ ಬ್ಯಾಕ್ಟೀರಿಯ ಬಿಸಿಬುಗ್ಗೆಗಳಲ್ಲಿ ಮಾತ್ರವಲ್ಲದೆ ಸಗಣಿ ಗೊಬ್ಬರದಲ್ಲಿಯೂ ದೊರೆಯುತ್ತದೆ. ಸಸ್ಯದ ನಾರೆಂದರೆ ಸಕ್ಕರೆಯ ಕಣಗಳನ್ನು ಸಾವಿರಗಟ್ಟಲೆ ಪೋಣಿಸಿದ ಸರಗಳನ್ನು ಹೊಸೆದು, ಲಿಗ್ನಿನ್ ಎಂಬ ಗಟ್ಟಿ ಅಂಟಿನಿಂದ ಬಿಗಿದ ಹಗ್ಗ. ಈ ಜೀವಿ ತನ್ನ ಕಿಣ್ವಗಳನ್ನು ಬಿಡಿಬಿಡಿಯಾಗಿ ಹೊರಚೆಲ್ಲಿ ಸುಮ್ಮನಾಗುವುದಿಲ್ಲ; ಅವುಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿ, ನಾರಿಗೆ ಅಂಟಿ ನಿಂತು, ಒಟ್ಟಾಗಿ ಕೊಯ್ಯುತ್ತದೆ. ಮುಯ್ಯಾಳುಗಳು ಒಂದೇ ಸಾಲಿನಲ್ಲಿ ಕುಳಿತು ರಾಗಿ ಕೊಯ್ದಂತೆ ಎನ್ನಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಹೇಶ್ವರಿಯವರು ಬಹುಕಾಲ ಶಾಖಪ್ರಿಯ ಶಿಲೀಂಧ್ರಗಳನ್ನು ಅಭ್ಯಸಿಸಿದರು. ಇವುಗಳ ಬೀಜಕಣಗಳು ಎಲ್ಲೆಡೆಯ ಮಣ್ಣಿನಲ್ಲೂ ಸಿಗುತ್ತವೆ. ಹಾಗಾದರೆ ಬಿಸಿಲ ನಾಡಿನ ಕಾದ ಮಣ್ಣೇ ಇವುಗಳ ಮನೆಯೆ? ಅವರೂ ಅವರ ಶಿಷ್ಯರೂ ಪರೀಕ್ಷಿಸಿ 1993ರಲ್ಲಿ ಕೊಟ್ಟ ಉತ್ತರ, ಅಲ್ಲ ಎಂದು. ತಾನಾಗಿ ಬಿಸಿಯೇರುವ ಕಸದ ರಾಶಿಗಳಲ್ಲಿ ಬೆಳೆದು, ಅಲ್ಲಿಂದ ಹಾರಿ ಮಣ್ಣಿಗೆ ಬಿದ್ದವು ಅವು. ಎಂದರೆ ಈ ಜೀವಿಗಳ ತವರು ನಮ್ಮ ತಿಪ್ಪೆ. ಈ ಸೀಮೆಯ ಜನಕ್ಕೆ ಇದು ಹೊಸ ಮಾತಾಗಬೇಕಾಗಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರನ್ನು ಹೊತ್ತ ತಿಪ್ಪೇಸ್ವಾಮಿ, ತಿಪ್ಪಮ್ಮಂದಿರು ಇಲ್ಲಿ ಊರೂರಿಗೆ ಇದ್ದಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪನೆಂದು ಕರೆಯುವ ವಾಡಿಕೆಯೂ ನಾಡಿನಲ್ಲಿತ್ತು. ಇಷ್ಟು ಗೌರವವಿದ್ದ ಜಾಗವನ್ನು ನಾವು ಇಂದು ಕೊಳಕೆಂದು ಮೂಗು ಮುಚ್ಚಿ ದಾಟುತ್ತೇವೆ.

ಈಗ ರಸ್ತೆಬದಿಯ ಬೆಂಕಿಯ ವಿಚಾರ. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸುವುದು ಈ ಭಾಗದ ಪದ್ಧತಿ. ತೋಟಗಳು ಹೆಚ್ಚಿದಂತೆ ಸಿಪ್ಪೆಯೂ ಹೆಚ್ಚಿತು. ಅದನ್ನು ರಸ್ತೆಯ ಅಂಚಿಗೆ ಸುರಿಯುವುದು, ಒಣಗಿದ ಮೇಲೆ ಕಡ್ಡಿ ಗೀರುವುದು, ಇದು ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಸೀಮೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಮೆಕ್ಕೆಜೋಳದ ದಂಟಿಗೂ ಎಷ್ಟೋ ಹೊಲಗಳಲ್ಲಿ ಇದೇ ಗತಿ. ಬೆಂಕಿ ಬಿದ್ದಾಗ ಸಾರಜನಕವೂ ಸಾವಯವ ವಸ್ತುವೂ ಗಾಳಿಪಾಲಾಗಿ ಹಿಡಿ ಬೂದಿ ಮಾತ್ರ ಉಳಿಯುತ್ತದೆ. ಇದನ್ನು ನಾನು ತಪ್ಪೆನ್ನುತ್ತೇನೆ. ಹಾಗೆನ್ನುವಾಗ ಬೆಳೆಗಾರನ ಮಾತನ್ನೂ ಕೇಳಬೇಕು.

ತಿಪ್ಪೆ ಅಗೆಯುತ್ತಿದ್ದವನನ್ನೇ ಕೇಳಿದೆನು. ಅವನು ನಕ್ಕು, "ಸಗಣಿ ಕೊಳೀತದೆ ಸ್ವಾಮಿ, ಸಿಪ್ಪೆ ಕೊಳೀತದೇನು? ಕೊಳೆಯೋಕೆ ಹಾಕಿ ಎರಡು ಮಳೆಗಾಲ ಕಾದೋರಿದಾರೆ. ದನ ಇರೋರ ಮನೆಗಳು ಊರಲ್ಲಿ ಎಷ್ಟು ಉಳಿದಾವೆ? ಆಳಿನ ಕೂಲಿ ಯಾರು ಕೊಡ್ತಾರೆ?" ಎಂದನು. ಈ ಮಾತಿನಲ್ಲಿ ಹುಸಿಯಿಲ್ಲ. ಸಿಪ್ಪೆಯಲ್ಲಿ ಲಿಗ್ನಿನ್ ಹೇರಳ, ಸಾರಜನಕ ಕಡಮೆ. ಬರಿಯ ಸಿಪ್ಪೆಯನ್ನು ಗುಡ್ಡೆ ಹಾಕಿದರೆ ಶಾಖಪ್ರಿಯ ಜೀವಿಗಳಿಗೆ ಅನ್ನವಿದ್ದೂ ಸಾರಿಲ್ಲದಂತಾಗುತ್ತದೆ. ಇಂಗಾಲ ಮೂವತ್ತು ಪಾಲಿಗೆ ಸಾರಜನಕ ಒಂದು ಪಾಲಿನಷ್ಟಾದರೂ ಇದ್ದರೆ ಅವು ಚುರುಕಾಗುತ್ತವೆ. ಆ ಕೊರತೆಯನ್ನು ತುಂಬಲು ಸಗಣಿ ಗಂಜಲಗಳೊಡನೆ ಬದುವಿನ ಗ್ಲಿರಿಸಿಡಿಯ, ಹೊಂಗೆಯ ಹಸಿಸೊಪ್ಪೂ ಆಗುತ್ತದೆ. ಹಿಂಡಿದರೆ ಕೈ ಒದ್ದೆಯಾಗುವಷ್ಟು ತೇವ, ಮೂರಡಿಗೆ ಕಡಮೆಯಿಲ್ಲದ ಎತ್ತರ ಅಗಲ, ನಡುನಡುವೆ ಒಮ್ಮೆ ತಿರುವಿಹಾಕುವುದು, ಇವಿಷ್ಟಿದ್ದರೆ ರಾಶಿ ಬಿಸಿಯೇರುತ್ತದೆ. ರೋಗದ ಸಿಪ್ಪೆಯನ್ನು ಸುಡಲೇಬೇಕೆನ್ನುವವರೂ ಉಂಟು. ರಾಶಿಯ ಎಲ್ಲ ಭಾಗವೂ ಸರದಿಯಲ್ಲಿ ಒಳಗೆ ಹೋಗಿ ಐವತ್ತೈದು ಡಿಗ್ರಿಯ ಬಿಸಿಯಲ್ಲಿ ಕೆಲವು ದಿನ ಕಳೆಯಿತೆಂದರೆ ಬಹುಪಾಲು ರೋಗಾಣುಗಳೂ ಕಳೆಬೀಜಗಳೂ ಅಲ್ಲಿಯೇ ನಾಶವಾಗುತ್ತವೆ. ತಿರುವಿಹಾಕುವ ಕೆಲಸಕ್ಕೆ ಬೆಲೆಯಿರುವುದು ಅದರಿಂದಲೇ.

ಇದಾವುದೂ ಹೊಸ ಶೋಧವಲ್ಲ. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೊವಾರ್ಡ್, ಯಶವಂತ ವಾಡ್ ಅವರೊಡನೆ ಸೇರಿ, ಬೆಳೆಯ ಕಸವನ್ನು ತಿರುವಿಹಾಕಿ ಕಾಂಪೋಸ್ಟ್ ಮಾಡುವ ವಿಧಾನವನ್ನು ರೂಪಿಸಿದರು. ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ದಾರಿ ತೋರಿದರು. ಗುಂಡಿಗೆ ಕಸವನ್ನು ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಬಿಟ್ಟುಬಿಡುವುದು, ತಿರುವುವ ಕೂಲಿಯಿಲ್ಲ. "ಬೆಂಗಳೂರು ವಿಧಾನ"ವೆಂದು ಅದು ಪರದೇಶದ ಪುಸ್ತಕಗಳಲ್ಲಿಯೂ ಅಚ್ಚಾಗಿದೆ. ಮೊದಲ ಕೆಲವು ದಿನಗಳಷ್ಟೇ ಅದು ಬಿಸಿಯಾಗಿರುವುದು, ಆಮೇಲೆ ಕೊಳೆತ ನಿಧಾನ. ಅಡಿಕೆ ಸಿಪ್ಪೆಯಂಥ ಒರಟು ವಸ್ತುವಿಗೆ ಇಂದೂರಿನ ದಾರಿಯೇ ಲೇಸೆಂದು ನನ್ನ ಅಭಿಪ್ರಾಯ; ಆದರೆ ಅದಕ್ಕೆ ಕೂಲಿ ಬೇಕು. ಆ ಕೂಲಿಯನ್ನು ಒಬ್ಬ ಸಣ್ಣ ಹಿಡುವಳಿದಾರನ ಮೇಲೆ ಹೊರಿಸಿ ಉಪದೇಶ ಮಾಡುವುದು ನ್ಯಾಯವಲ್ಲ. ಸಿಪ್ಪೆ ರಾಶಿಯಾಗಿ ಬೀಳುವುದು ಸುಲಿಯುವ ಯಂತ್ರಗಳಿರುವ ಕಡೆ. ಅಲ್ಲಿಯೇ ನಾಲ್ಕಾರು ತೋಟದವರು ಕೂಡಿ ಒಂದು ಗೊಬ್ಬರದ ಅಂಗಳ ಮಾಡಿಕೊಳ್ಳಬಹುದು. ಗ್ರಾಮ ಪಂಚಾಯಿತಿ ಅದಕ್ಕೆ ಜಾಗವನ್ನೂ ತಿರುವಿಹಾಕುವ ಯಂತ್ರವನ್ನೂ ಒದಗಿಸಬಹುದು. ರಸ್ತೆಯ ಅಂಚಿಗೆ ಟ್ರ್ಯಾಕ್ಟರಿನಲ್ಲಿ ಸಾಗಿಸಲು ತಗಲುವ ವೆಚ್ಚವನ್ನಂತೂ ಎಲ್ಲರೂ ಈಗಾಗಲೇ ತೆರುತ್ತಿದ್ದಾರೆ.

ಸಂಜೆ ಅದೇ ದಾರಿಯಲ್ಲಿ ನಿಲ್ದಾಣಕ್ಕೆ ಹಿಂದಿರುಗಿದೆನು. ಸಿಪ್ಪೆಯ ರಾಶಿ ಇನ್ನೂ ಒಳಗೊಳಗೆ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಟ್ರ್ಯಾಕ್ಟರು ಹಸಿ ಸಿಪ್ಪೆಯ ಮತ್ತೊಂದು ಹೇರನ್ನು ಸುರಿಯುತ್ತಿತ್ತು. ತಿಪ್ಪೆಯ ಬಳಿ ಯಾರೂ ಇರಲಿಲ್ಲ. ಅಗೆದ ಗೊಬ್ಬರವನ್ನು ಗಾಡಿಗೆ ತುಂಬಿ ಹೊಲಕ್ಕೆ ಒಯ್ದಿದ್ದರು.