ಕಾಣದ ಮಾತ್ರಕ್ಕೆ ಇಲ್ಲವೆ?

ಮನೆಯಲ್ಲಿ ಒಂದು ಒಡವೆ ಕಾಣದೆ ಹೋದರೆ ನಾವು ಮೊದಲು ಹುಡುಕುವುದು ಪೆಟ್ಟಿಗೆಯನ್ನು, ಎರಡನೆಯದಾಗಿ ಹಾಸಿಗೆಯನ್ನು, ಮೂರನೆಯದಾಗಿ ಮನೆಗೆಲಸದವಳ ಮುಖವನ್ನು. ಇದು ನಮ್ಮ ಗೃಹಸ್ಥಾಶ್ರಮದ ಹಳೆಯ ರೋಗ. ಅದು ನಮಗೂ ತಗುಲಿದ್ದಿತೆಂಬುದನ್ನು ವಾಚಕರ ಮುಂದೆ ಒಪ್ಪಿಕೊಂಡು, ಅದಕ್ಕೆ ಆರು ಅಂಗುಲದ ಒಂದು ತಂತಿಯ ಸುರುಳಿಯಿಂದ ಚಿಕಿತ್ಸೆಯಾದ ಬಗೆಯನ್ನು ಈ ತಿಂಗಳು ಹೇಳುವೆವು.

ನಾವು ವಾಸವಾಗಿರುವ ಇಟ್ಟಮಡುವಿನ ಹೆಸರಿನಲ್ಲಿ ಮಡುವಿದ್ದರೂ ಈಗ ಕಣ್ಣಿಗೆ ಬೀಳುವುದು ಮನೆಗಳ ಸಾಲು. ನಮ್ಮ ಬೀದಿಯಲ್ಲಿ ಒಂದು ಖಾಲಿ ಸೈಟುಂಟು. ಅಲ್ಲಿದ್ದ ಶೀಟಿನ ಮನೆಯನ್ನು ಕೆಡವಿದ ಮೇಲೆ ಮೊಳೆ, ತಂತಿ, ಬಾಗಿಲ ಕೀಲು, ಸೋಡಾ ಬಾಟಲಿಯ ಮುಚ್ಚಳ, ಮಾತ್ರೆ ಸುತ್ತಿದ ಅಲ್ಯೂಮಿನಿಯಮ್ ಹಾಳೆ ಮೊದಲಾದುವೆಲ್ಲ ಮಣ್ಣಿನಲ್ಲಿ ಸೇರಿಹೋಗಿವೆ. ಎದುರುಮನೆಯ ವೃದ್ಧೆ, ಬೀದಿಯವರಿಗೆಲ್ಲ ಅಜ್ಜಿ, ದಿನವೂ ದೇವರ ನಿರ್ಮಾಲ್ಯವನ್ನು ಆ ಸೈಟಿನ ನುಗ್ಗೆಮರದ ಬುಡಕ್ಕೆ ಹಾಕುವುದು ವಾಡಿಕೆ. ಕಳೆದ ಮಳೆಗಾಲದಲ್ಲಿ ಅವರ ಬೆರಳಿನ ಉಂಗುರ ಕಾಣೆಯಾಯಿತು. ತೆಳ್ಳನೆಯ ಚಿನ್ನ, ಬೆಲೆ ದೊಡ್ಡದಲ್ಲ. ಆದರೆ ಗತಿಸಿದ ಪತಿಯು ತಮ್ಮ ಮೊದಲ ಸಂಬಳದಲ್ಲಿ ಮಾಡಿಸಿಕೊಟ್ಟದ್ದು.

ಆ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಪಾತ್ರೆ ತೊಳೆದು ನೆಲ ಸಾರಿಸುತ್ತಿದ್ದ ಹೆಂಗಸನ್ನು ಯಾರೂ ಕಳ್ಳಿ ಎನ್ನಲಿಲ್ಲ. "ನೀನೇನಾದರೂ ಕಂಡೆಯಾ?" ಎಂದು ನಾಲ್ಕು ದಿವಸ ಕೇಳಿದರು, ಅಷ್ಟೆ. ಐದನೆಯ ದಿವಸ ಆಕೆ ಬರಲಿಲ್ಲ. ಬಾರದಿರುವುದೇ ಸಾಕ್ಷಿಯಾಯಿತು.

ನಮ್ಮ ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನ ಬಳಿ ಲೋಹಶೋಧಕ ಯಂತ್ರವೊಂದಿತ್ತು. "ಉಂಗುರ ಹೂವಿನ ಜೊತೆ ಜಾರಿ ಹೋಗಿರಬಹುದಲ್ವಾ ಮೇಷ್ಟ್ರೇ?" ಎಂದು ಕೇಳಿದವನೂ ಅವನೇ. ಸೈಟಿನ ಯಜಮಾನರ ಅಪ್ಪಣೆ ಪಡೆದು ಒಂದು ಭಾನುವಾರ ಹುಡುಕಲು ತೊಡಗಿದೆವು.

ಯಂತ್ರದ ಕ್ರಮವಿಷ್ಟು. ಕೋಲಿನ ತುದಿಯಲ್ಲಿ ತಂತಿಯ ಸುರುಳಿ. ಅದರಲ್ಲಿ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು. ಅದರಿಂದ ನೆಲದೊಳಗೆ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಕ್ಷೇತ್ರದೊಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ಸುಳಿಪ್ರವಾಹಗಳೆದ್ದು ಪ್ರತಿಕ್ಷೇತ್ರ ಹುಟ್ಟುವುದು. ಅದನ್ನು ಇನ್ನೊಂದು ಸುರುಳಿ ಗ್ರಹಿಸಿ ಶಬ್ದ ಮಾಡುವುದು. ಕಬ್ಬಿಣದ ಮರುನುಡಿ ಒಂದು ಬಗೆ, ಚಿನ್ನ ಬೆಳ್ಳಿಗಳದು ಇನ್ನೊಂದು ಬಗೆ. ಬೇಡದ ಲೋಹಕ್ಕೆ ಯಂತ್ರವು ಮೌನವಾಗಿರುವಂತೆ ತಿರುಗಿಸುವ ಗುಂಡಿಯನ್ನು ಡಿಸ್ಕ್ರಿಮಿನೇಷನ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಅದು ವಿವೇಕ.

ಹುಡುಗನ ಸುರುಳಿ ಹನ್ನೊಂದು ಅಂಗುಲದ್ದು. ಸೈಟಿನಲ್ಲಿ ಹೆಜ್ಜೆಯಿಟ್ಟ ಕೂಡಲೆ ಯಂತ್ರವು ಸಂತೆಯಂತೆ ಗದ್ದಲ ಮಾಡಿತು. ಅವನು ವಿವೇಕದ ಗುಂಡಿಯನ್ನು ಏರಿಸಿದ, ಗದ್ದಲ ನಿಂತಿತು. ಸೈಟನ್ನೆಲ್ಲ ಸುತ್ತಿಬಂದು, "ಇಲ್ಲಿ ಇಲ್ಲ ಮೇಷ್ಟ್ರೇ" ಎಂದ. ನಾವು ಅದನ್ನೇ ಅಜ್ಜಿಗೆ ತಿಳಿಸಿದೆವು. "ಹಾಗಾದರೆ ಇನ್ನೆಲ್ಲಿ ಹೋಯಿತು?" ಎಂದರು ಅವರು. ನಾವು ಉತ್ತರ ಹೇಳದೆ ತಲೆ ತಗ್ಗಿಸಿದೆವು. ಆ ತಲೆ ತಗ್ಗಿಸುವಿಕೆಯಲ್ಲಿ ಒಬ್ಬ ಬಡವಳ ಮೇಲೆ ನಾವು ತೀರ್ಪು ಕೊಟ್ಟಿದ್ದೆವು.

ರಾತ್ರಿ ನಿದ್ರೆ ಬರಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದ ನಮಗೆ ನಮ್ಮ ಪಾಠವೇ ಮರೆತಿದ್ದಿತು. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದನ್ನು, ಒಂದು ಪ್ರಮಾಣವಾಗಿ ಒಪ್ಪುವರಷ್ಟೆ. ಆದರೆ ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಅಲ್ಲಿರಬೇಕು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಇರುವ ವಸ್ತುವೂ ಕಾಣದಿರಲು ಈಶ್ವರಕೃಷ್ಣನ ಸಾಂಖ್ಯಕಾರಿಕೆಯು ಎಂಟು ಕಾರಣಗಳನ್ನು ಎಣಿಸಿದೆ. ಕೊನೆಯ ಎರಡು ಅಭಿಭವ ಮತ್ತು ಸಮಾನಾಭಿಹಾರ. ಹಗಲು ಸೂರ್ಯನ ಪ್ರಭೆಯಲ್ಲಿ ನಕ್ಷತ್ರ ಅಡಗುವುದು ಅಭಿಭವ. ಹೆಸರುಕಾಳಿನ ರಾಶಿಗೆ ಎಸೆದ ಒಂದು ಹೆಸರುಕಾಳು ಗೊತ್ತಾಗದಿರುವುದು ಸಮಾನಾಭಿಹಾರ. ನಮ್ಮ ಸೈಟಿನಲ್ಲಿ ಎರಡೂ ಇದ್ದುವಲ್ಲವೆ?

ಬೆಳಗಾದ ಕೂಡಲೆ ಹುಡುಗನನ್ನು ಕರೆಯಿಸಿ, "ಉಂಗುರ ಅಲ್ಲಿ ಇದ್ದಿದ್ದರೆ ನಿನ್ನ ಯಂತ್ರ ಹೇಳುತ್ತಿತ್ತೇನಪ್ಪ?" ಎಂದು ಕೇಳಿದೆವು. ಅವನು ಜಾಣ, ವಾದಿಸದೆ ಪರೀಕ್ಷೆಗೆ ನಿಂತ. ನಮ್ಮ ಉಂಗುರವನ್ನೇ ಮಣ್ಣಿನಲ್ಲಿಟ್ಟು ಪಕ್ಕದಲ್ಲಿ ಎರಡು ಮೊಳೆಗಳನ್ನಿಟ್ಟ. ಯಂತ್ರ ಮೌನವಾಗಿತ್ತು. ದೊಡ್ಡ ಸುರುಳಿಯ ಕೆಳಗೆ ಮೊಳೆಯೂ ಚಿನ್ನವೂ ಒಟ್ಟಿಗೆ ಬಿದ್ದು, ಕಬ್ಬಿಣವನ್ನು ತಳ್ಳುವಾಗ ಚಿನ್ನವನ್ನೂ ತಳ್ಳಿಬಿಡುತ್ತಿತ್ತು. ಮೊಳೆಗಳನ್ನು ತೆಗೆದರೂ ಮೌನವೇ. ಏಕೆಂದರೆ ತೆಳ್ಳನೆಯ ಚಿನ್ನದ ಉಂಗುರವೂ ಅಲ್ಯೂಮಿನಿಯಮ್ ಹಾಳೆಯೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ನುಡಿಯನ್ನಾಡುವುವು. ಕಸವೆಂದು ಹಾಳೆಯನ್ನು ಬಿಟ್ಟವನು ಉಂಗುರವನ್ನೂ ಬಿಟ್ಟಂತೆಯೆ.

ಇಂತಹ ಮೋಸ ಮಹಾಪಂಡಿತರಿಗೂ ಆಗಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡನ್ನು ಕಂಡುಹಿಡಿಯಲು ಟೆಲಿಫೋನಿನ ಅಲೆಗ್ಜಾಂಡರ್ ಗ್ರಹಾಂ ಬೆಲ್ಲರು ಇಂತಹದೇ ಯಂತ್ರವನ್ನು ತಂದರು. ಮಂಚದ ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಯಂತ್ರವನ್ನು ಕೆಡಿಸಿದುವೆಂದು ಹೇಳುತ್ತಾರೆ. ಅದಕ್ಕಿಂತ ಮಿಗಿಲಾಗಿ, ಗುಂಡು ಬಲಭಾಗದಲ್ಲಿದೆಯೆಂದು ನಂಬಿದ್ದ ವೈದ್ಯರು ಅಲ್ಲಿಯೇ ಹುಡುಕಿಸಿದರು. ಅದು ಇದ್ದುದು ಎಡಭಾಗದಲ್ಲಿ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ನಾವೂ ನಂಬಿದ ಕಡೆಯಲ್ಲಿಯೇ ಹುಡುಕಿದವರು.

ಮುಂದಿನ ಭಾನುವಾರ ಹುಡುಗನು ಸ್ನೇಹಿತನಿಂದ ಆರು ಅಂಗುಲದ ಸುರುಳಿಯನ್ನು ಎರವಲು ತಂದ. ಸಣ್ಣ ಸುರುಳಿಗೆ ಆಳ ಕಡಮೆ; ಒಂದು ಬೀಸಿಗೆ ಸಿಗುವ ನೆಲವೂ ಕಡಮೆ. ಅದರ ಗುಣವೂ ಅದೇ. ಒಮ್ಮೆಗೆ ಒಂದೆರಡು ವಸ್ತುಗಳು ಮಾತ್ರ ಕೆಳಗೆ ಬರುವುದರಿಂದ ಮೊಳೆಯ ಮಾತು ಬೇರೆ, ಚಿನ್ನದ ಮಾತು ಬೇರೆಯಾಗಿ ಕೇಳುವುದು. ಕಬ್ಬಿಣದ ಅಂಶವುಳ್ಳ ನಮ್ಮ ಕೆಮ್ಮಣ್ಣಿನ ಗೊಣಗಾಟವೂ ತಗ್ಗುವುದು. ತಂತಿಬೇಲಿ, ಗೋಡೆ, ಮರದ ಬೇರುಗಳ ಸಂದಿಗೂ ಅದು ನುಗ್ಗಬಲ್ಲುದು.

ಮರದ ಸುತ್ತ ಹಗ್ಗ ಕಟ್ಟಿ ಎರಡಡಿ ಅಗಲದ ಪಟ್ಟಿಗಳನ್ನು ಮಾಡಿದೆವು. ವಿವೇಕದ ಗುಂಡಿಯನ್ನು ಆದಷ್ಟು ಇಳಿಸಿ, ಸುರುಳಿಯನ್ನು ನೆಲಕ್ಕೆ ಸಮನಾಗಿ ಹಿಡಿದು, ಹಿಂದಿನ ಬೀಸಿನ ಅರ್ಧದ ಮೇಲೆ ಮುಂದಿನ ಬೀಸು ಬೀಳುವಂತೆ ಮೆಲ್ಲನೆ ಸಾಗಿದೆವು. ಎರಡು ದಿಕ್ಕಿನಿಂದಲೂ ಒಂದೇ ಸಮನಾಗಿ ನುಡಿದ ಕಡೆಯಲ್ಲೆಲ್ಲ ಸಣ್ಣ ಕರಣೆಯಿಂದ ಮಣ್ಣು ತೆಗೆದು ನೋಡಿದೆವು. ಮೂರು ಗಂಟೆಯಲ್ಲಿ ಬಂದುವು ಮುಚ್ಚಳಗಳು, ಹಾಳೆಗಳು, ಒಂದು ಕೊಡೆಕಡ್ಡಿ. ಬಳಿಕ ತುಕ್ಕು ಹಿಡಿದ ಬಾಗಿಲ ಕೀಲಿನ ಪಕ್ಕದಲ್ಲಿ, ಕೊಳೆತ ಹೂವಿನಡಿ ಎರಡು ಬೆರಳಿನ ಆಳದಲ್ಲಿ, ಉಂಗುರ. ತೆಗೆದ ಕಸವನ್ನು ಚೀಲಕ್ಕೆ ತುಂಬಿ ಗುಂಡಿಗಳನ್ನು ಮುಚ್ಚಿದೆವು.

ಇದನ್ನೋದಿ ನಿಧಿಯನ್ನರಸುವ ಉತ್ಸಾಹ ಹುಟ್ಟಿದವರಿಗೆ ಒಂದು ಮಾತು. ಯಶವಂತಪುರದ ಬಳಿ 1891ರಲ್ಲಿ ರೈಲುಹಾದಿಗಾಗಿ ಅಗೆಯುವಾಗ ರೋಮನ್ ಬೆಳ್ಳಿನಾಣ್ಯಗಳು ದೊರೆತುದು ನಿಜ. ಆದರೆ ಕಾಯಿದೆಯಂತೆ ಭೂಮಿಯಲ್ಲಿ ಹುದುಗಿದ್ದ ನಿಧಿ ದೊರೆತರೆ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕುದು. ಸಂರಕ್ಷಿತ ಸ್ಮಾರಕಗಳ ನೆಲವನ್ನು ಅಗೆಯುವುದು ಅಪರಾಧ. ಕಳೆದುಕೊಂಡವರ ಕಣ್ಣೀರೊರಸುವುದಕ್ಕೆ ಯಂತ್ರ ಸಾಕು.

ಉಂಗುರವನ್ನು ಕಂಡು ಅಜ್ಜಿ ಅತ್ತರು. ಸಂಜೆ ಅವರನ್ನು ಕರೆದುಕೊಂಡು ಆ ಹೆಂಗಸಿನ ಮನೆಗೆ ಹೋದೆವು. ಆಕೆ ಚಾಪೆ ಹಾಸಿ, ಕಾಫಿ ಕೊಟ್ಟು, "ಸಿಕ್ತಲ್ಲ, ಬಿಡಿ ಮೇಷ್ಟ್ರೇ" ಎಂದಳು. ಬೇರೇನೂ ಹೇಳಲಿಲ್ಲ. ಅಜ್ಜಿ ಕೈಹಿಡಿದು ಬೇಡಿಕೊಂಡರೂ ಮತ್ತೆ ಆ ಮನೆಗೆ ಕೆಲಸಕ್ಕೆ ಬರಲಿಲ್ಲ. ಈಗ ಬೇರೆ ಬೀದಿಯಲ್ಲಿ ದುಡಿಯುತ್ತಾಳೆ. ಎದುರು ಸಿಕ್ಕರೆ ನಮಸ್ಕರಿಸುತ್ತಾಳೆ. ಆ ನಮಸ್ಕಾರವನ್ನು ಸ್ವೀಕರಿಸುವಾಗ ನಮಗೆ ಈಗಲೂ ಸಂಕೋಚವಾಗುತ್ತದೆ.

ಆದುದರಿಂದ, ತಾಯಂದಿರೇ, ಮನೆಯಲ್ಲಿ ಏನಾದರೂ ಕಾಣದಾದಾಗ ಒಬ್ಬರ ಮುಖವನ್ನು ನೋಡುವುದಕ್ಕೆ ಮೊದಲು, ಹುಡುಕಿದ ಕಣ್ಣಿಗೆ ಕಾಣುವ ಯೋಗ್ಯತೆಯಿತ್ತೇ ಎಂದು ಕೇಳಿಕೊಳ್ಳಿರಿ.