ಎದುರಾಳಿಯ ರೇಟಿಂಗ್ ನೋಡಿ ಡ್ರಾ ಒಪ್ಕೋಬೇಡಿ (ಭಾಗ 4)

ಬೆಂಗಳೂರಲ್ಲಿ ಒಂದು ರೇಟಿಂಗ್ ಟೂರ್ನಮೆಂಟ್, ಐದನೇ ರೌಂಡ್. ನನ್ನ ರೇಟಿಂಗ್ 1512. ಎದುರಿಗೆ ಕೂತಿದ್ದ ಸರ್‌ದು 1712. ಮೂರು ಗಂಟೆ ಆದ್ಮೇಲೆ ಬೋರ್ಡ್ ಮೇಲೆ ಇಬ್ಬರಿಗೂ ಒಂದೊಂದು ರೂಕ್, ಅಂದ್ರೆ ಮನೇಲಿ ನಾವು ಆನೆ ಅಂತೀವಲ್ಲ, ಅದು. ನನಗೆ ಮೂರು ಪಾನ್, ಅವರಿಗೆ ಎರಡು. ಟೈಮೂ ನನಗೇ ಜಾಸ್ತಿ ಇತ್ತು. ಅವರು ಒಂದು ನಡೆ ಆಡಿ "ಡ್ರಾ?" ಅಂದ್ರು. ನಾನು ಯೋಚನೆನೇ ಮಾಡ್ದೆ ಕೈ ಕುಲುಕಿಬಿಟ್ಟೆ. 1712 ಜೊತೆ ಡ್ರಾ ಅಂದ್ರೆ ಸುಮ್ನೇನಾ!

ರಾತ್ರಿ ಮಾಲೂರಿಗೆ ವಾಪಸ್ ಬರೋ ರೈಲಲ್ಲಿ ಸ್ಕೋರ್‌ಶೀಟ್ ಫೋಟೋನ ಶ್ರೀನಿವಾಸಪುರದ ಚಿಕ್ಕಮ್ಮನ ಮಗನಿಗೆ ಕಳಿಸ್ದೆ. ಎಂಟನೇ ಕ್ಲಾಸ್ ಹುಡುಗ. "ಅಣ್ಣಾ, ನೀನೇ ಮುಂದಿದ್ಯಲ್ಲ, ಯಾಕೆ ನಿಲ್ಲಿಸ್ದೆ?" ಅಂತ ಕೇಳ್ದ.

ಬಿಕಾಂ ಓದ್ತೀನಲ್ಲ, ಲೆಕ್ಕ ಹಾಕಿ ನೋಡ್ದೆ. ನನ್ನ ಕೆ-ಫ್ಯಾಕ್ಟರ್ 20. 200 ಪಾಯಿಂಟ್ ವ್ಯತ್ಯಾಸ ಇದ್ರೆ ಫಿಡೆ ಟೇಬಲ್ ಪ್ರಕಾರ ನನ್ನಿಂದ ಇರೋ ನಿರೀಕ್ಷೆ 0.24. ಗೆದ್ರೆ +15.2, ಡ್ರಾ ಆದ್ರೆ +5.2, ಸೋತ್ರೆ −4.8. ಅಂದ್ರೆ ಡ್ರಾ ಬೇಡ ಅಂತ ಮುಂದೆ ಆಡಿದ್ರೆ ಹೆಚ್ಚಿಗೆ ಸಿಗೋದೂ 10, ಕಳ್ಕೊಳ್ಳೋದೂ 10. ನಾನೇ ಮುಂದಿರೋವಾಗ ನಿಲ್ಲಿಸಿದ್ದು ಲೆಕ್ಕದಲ್ಲೂ ನಷ್ಟಾನೇ. ನಾನು ಲೆಕ್ಕ ನೋಡಿ ಒಪ್ಪಿದ್ದಲ್ಲ, ಹೆದರಿ ಒಪ್ಪಿದ್ದು.

2024ರ ಡಿಸೆಂಬರ್ 12 ನೆನಪಿದ್ಯಾ? ಸಿಂಗಾಪುರ, ವಿಶ್ವ ಚಾಂಪಿಯನ್‌ಶಿಪ್, 14ನೇ ಗೇಮ್, ಸ್ಕೋರ್ 6.5–6.5. ಗುಕೇಶ್ ಹತ್ರ ಇದ್ದಿದ್ದೂ ಒಂದೇ ಒಂದು ಪಾನ್ ಜಾಸ್ತಿ. ನೋಡ್ತಿದ್ದ ಎಷ್ಟೋ ಜನ ಡ್ರಾ ಅಂತಲೇ ಅಂದ್ಕೊಂಡಿದ್ರು. ಅವನು ಆಡ್ತಾನೇ ಇದ್ದ. 55ನೇ ನಡೆಯಲ್ಲಿ ಡಿಂಗ್ ಲಿರೆನ್ ರೂಕನ್ನ ತಪ್ಪು ಮನೇಲಿಟ್ರು, 58ಕ್ಕೆ ಆಟ ಮುಗೀತು. ನಮ್ಮ ಮಾಲೂರು ಸ್ಟೇಷನ್ ಹಳಿಯ ಆ ತುದಿಯ ಚೆನ್ನೈ ಹುಡುಗ, 18ಕ್ಕೇ ವಿಶ್ವ ಚಾಂಪಿಯನ್!

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಆಡೋಕೆ ಹೋಗೋ ನಾವು ಪೇರಿಂಗ್ ಲಿಸ್ಟ್ ನೋಡಿದ ತಕ್ಷಣ ಅರ್ಧ ಸೋತಿರ್ತೀವಿ. ಆದ್ರೆ ರೇಟಿಂಗ್ ಅನ್ನೋದು ಹಳೇ ಬ್ಯಾಲೆನ್ಸ್ ಶೀಟ್ ಇದ್ದ ಹಾಗೆ, ನಿನ್ನೆವರೆಗಿನ ಕಥೆ ಮಾತ್ರ ಹೇಳುತ್ತೆ. ಇವತ್ತಿನ ವ್ಯಾಪಾರ ನಡೀತಿರೋದು ಬೋರ್ಡ್ ಮೇಲೆ.

ಡ್ರಾ ಮಾಡ್ಕೊಳ್ಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಪೊಸಿಷನ್ ಕೆಟ್ಟಿದ್ರೆ ಖುಷಿಯಾಗಿ ಮಾಡ್ಕೊಳ್ಳಿ. ಕೈ ಚಾಚೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದೇ ಪೊಸಿಷನ್ 1400ರವರ ಜೊತೆ ಬಂದಿದ್ರೆ ಡ್ರಾ ಒಪ್ತಿದ್ನಾ?

ನಾನಂತೂ ಒಪ್ತಿರ್ಲಿಲ್ಲ. ಅದೇ ಈಗ್ಲೂ ಚುಚ್ತಿರೋದು.

#ಚೆಸ್ #ಕೋಲಾರ #ಮಾಲೂರು